ಎಣಿಕೆ ಕುಳಿಯ ಬೋರ್ಡು

ನವೆಂಬರ್ 4, 2024. ಸೋಮವಾರ. ಮಧ್ಯಾಹ್ನ 2

ಎರಡು ಟ್ರಿಪ್ ಆಯಿತು. ಮೊದಲನೆಯದು ತಾಳ್ಯದ ಕಡೆಯ ಸಂಸಾರ, ಎಂಟು ಜನ. ಓಬವ್ವನ ಕಿಂಡಿ ತೋರಿಸಿದರೆ ಸಾಕು ಅಂದರು. ತೋರಿಸಿದೆ. ಸೆಲ್ಫಿ ಹೊಡೆದುಕೊಂಡು ಇಳಿದರು. ಇಷ್ಟು ದೊಡ್ಡ ಕೋಟೆಯಲ್ಲಿ ಒಂದು ಸಂದು ನೋಡಿಕೊಂಡು ಹೋದರು. ಎರಡನೆಯದು ಶ್ರೀರಾಂಪುರದ ಶಾಲೆ ಬಸ್ಸು. ಗಂಟಲು ಹೋಯಿತು.

ಇಳಿದು ಬಂದರೆ ಗೇಟಿನಲ್ಲಿ ನೋಟಿಸು. ಜನವರಿ ಒಂದರಿಂದ ಇಲಾಖೆಯ ಕಾರ್ಡ್ ಇಲ್ಲದ ಗೈಡ್‌ಗಳಿಗೆ ಒಳಗೆ ಕೆಲಸವಿಲ್ಲ. ಕಾರ್ಡ್ ಬೇಕಾದರೆ ಮೂರು ವಾರ ತರಬೇತಿ, ಆಮೇಲೆ ಮೌಖಿಕ ಪರೀಕ್ಷೆ. ಕಿರಣ್‌ಕುಮಾರ್ ಪಕ್ಕದಲ್ಲೇ ನಿಂತು ಓದಿದ. ಅವನೂ ಗೈಡೇ. ಹೋದ ವರ್ಷವೇ ಕಾರ್ಡ್ ಮಾಡಿಸಿಕೊಂಡಿದ್ದಾನೆ. ಇಂಗ್ಲಿಷ್ ಬೇರೆ ಬರುತ್ತದೆ.

"ನಿಂಗೇನ್ ಕಷ್ಟ ಐತೆ ಕೆಂಚಣ್ಣ? ಇಪ್ಪತ್ತಾರು ವರ್ಷ ಇದೇ ಬಂಡೆ ಹತ್ತಿ ಇಳ್ದಿದೀಯ."

ನನ್ನ ಪ್ರಶ್ನೆಯೂ ಅದೇ. ಇಪ್ಪತ್ತಾರು ವರ್ಷ ಹತ್ತಿ ಇಳಿದವನಿಗೆ ಪರೀಕ್ಷೆ ಯಾಕೆ?

ನವೆಂಬರ್ 7, ಗುರುವಾರ

ತರಬೇತಿ ಶುರು. ಹದಿನಾಲ್ಕು ಜನ. ನಾನೇ ಹಿರಿಯ. ಮಕ್ಕಳ ಬೆಂಚು, ಮಂಡಿ ಒಳಗೆ ಹೋಗುವುದಿಲ್ಲ.

ಪಾಠ ಮಾಡುವವರು ಮೌನಿಕಾ ಮೇಡಂ. ಇಪ್ಪತ್ತೆಂಟು ಇರಬಹುದು. ಐಮಂಗಲದವರಂತೆ, ಕುರಿ ಕಾಯುವವರ ಮನೆ. ಇತಿಹಾಸದಲ್ಲಿ ಎಂ.ಎ. ಒಂದು ಕೈಪಿಡಿ ಕೊಟ್ಟರು. ಅವರೇ ಬರೆದದ್ದು. ಅರ್ಧ ಪುಸ್ತಕ ನಮ್ಮ ಜಿಲ್ಲೆ. ಅರ್ಧ ಹೊರದೇಶದ ಪುರಾತನ ಜಾಗಗಳು — ಈಜಿಪ್ಟು, ಪೆರು, ಜೋರ್ಡಾನು, ಇಂಗ್ಲೆಂಡು. ಯಾವುದು ಯಾಕೆ ದೊಡ್ಡದು, ಆ ಜನಕ್ಕೆ ಅದು ಏನು... ಎಲ್ಲ ಬಾಯಿಪಾಠ ಆಗಬೇಕಂತೆ.

ಎದ್ದು ಕೇಳಿದೆ, ಕೋಟೆ ನೋಡಲು ಬಂದವರು ನನ್ನನ್ನು ಪೆರು ದೇಶದ ಬಗ್ಗೆ ಯಾಕೆ ಕೇಳುತ್ತಾರೆ ಅಂತ. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ.

"ಅವ್ರು ಕೇಳಲ್ಲ ಕೆಂಚಣ್ಣ. ನಮ್ಮ ಬಂಡೆ ಪಕ್ಕ ಅವ್ರ ಬಂಡೆ ಇಟ್ಟು ನೋಡಿದ್ರೆ ನಮ್ದೇ ಚೆನ್ನಾಗಿ ಕಾಣುತ್ತೆ, ಅದಕ್ಕೆ."

ಏನೋ. ಹೆಸರುಗಳೇ ನಾಲಿಗೆಗೆ ಬರುತ್ತಿಲ್ಲ.

ನವೆಂಬರ್ 10, ಭಾನುವಾರ. ಸಂಜೆ

ಜನ ಇಳಿದ ಮೇಲೆ ಗೇಟಿನ ಹೊರಗೆ ಹೆಂಡತಿಯ ಸೌತೆಕಾಯಿ ಗಾಡಿ ಹತ್ತಿರ ಕೂತು ಓದಿದೆ. ಜಯಕ್ಕ ಸೌತೆಕಾಯಿ ಸೀಳಿ ಖಾರದಪುಡಿ ಸವರುತ್ತಾ ಪ್ರಶ್ನೆ ಕೇಳಿದಳು. ಅವಳು ಓದಿದ್ದು ನಾಲ್ಕನೇ ಕ್ಲಾಸು. ಜೋರ್ಡಾನಿನ ಪೆಟ್ರಾ, ಪೆರುವಿನ ಮಾಚು ಪಿಚು ಅವಳಿಗೆ ಒಂದೇ ದಿನಕ್ಕೆ ಬಂದುಬಿಟ್ಟವು. ನಾನು ಎರಡನ್ನೂ ಅದಲುಬದಲು ಮಾಡುತ್ತೇನೆ.

ಪಿರಮಿಡ್ಡಿನ ಪಾಠ ಓದಿ ಹೇಳಿದೆ. ಅದನ್ನು ಕಟ್ಟಿದ ಕೂಲಿಗಳಿಗೆ ಅಲ್ಲೇ ಪಕ್ಕದಲ್ಲಿ ಊರಿತ್ತಂತೆ, ರೊಟ್ಟಿ ಸುಡುತ್ತಿದ್ದ ಜಾಗವೂ ಸಿಕ್ಕಿದೆಯಂತೆ. ಚಾಕು ನಿಲ್ಲಿಸಿದಳು.

"ನಮ್ ಕೋಟೆ ಕಟ್ದೋರು ಎಲ್ ಉಣ್ತಿದ್ರು?"

ಗೊತ್ತಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಸಿಟ್ಟು ಬಂತು. ಪುಸ್ತಕ ಮುಚ್ಚಿದೆ.

ನವೆಂಬರ್ 12, ಮಂಗಳವಾರ

ಕೈಪಿಡಿ ಪುಟ 61. ಎರಡು ಸಲ ಓದಿದೆ.

"ಎಣಿಕೆ ಕುಳಿಗಳು: ಹೊಂಡದ ಮೇಲಿನ ಬಂಡೆಯಲ್ಲಿ ಸಾಲಾಗಿ ಕಾಣುವ ಸಣ್ಣ ಕುಳಿಗಳು. ಪಹರೆಯವನ ಮಗಳೊಬ್ಬಳು ಪ್ರತಿ ಸಂಜೆ ಇಲ್ಲಿ ಕುಳಿತು, ಕಾವಲಿನಿಂದ ಮರಳಿದ ಪ್ರತಿಯೊಬ್ಬ ಸೈನಿಕನಿಗೂ ಒಂದೊಂದು ಕಲ್ಲು ಹಾಕಿ ಎಣಿಸುತ್ತಿದ್ದಳೆಂದು ಐತಿಹ್ಯವಿದೆ."

ಐತಿಹ್ಯ ಅಲ್ಲ. ಅದು ನನ್ನದು. ನಾನೇ ಕಟ್ಟಿದ್ದು. 2007ರ ಸುಮಾರಿಗೆ. ಒಂದು ಶಾಲೆ ಟೂರು ಬಂದಿತ್ತು. ಒಂದು ಹುಡುಗಿ ಕಾಲು ನೋವು ಅಂತ ಬಂಡೆ ಮೇಲೆ ಕೂತು ಅಳುತ್ತಿದ್ದಳು, ಏಳಲೊಲ್ಲಳು. ಅವಳು ಕೂತ ಕಡೆ ಆ ಕುಳಿಗಳಿದ್ದವು. ಬಾಯಿಗೆ ಬಂದದ್ದು ಹೇಳಿದೆ. ಅಳು ನಿಂತಿತು. ಎದ್ದಳು. ಮಾರನೇ ದಿನ ಬೇರೆಯವರಿಗೂ ಹೇಳಿದೆ. ಅವರೂ ಬಾಯಿ ತೆರೆದು ಕೇಳಿದರು. ಆಮೇಲೆ ನಿಲ್ಲಿಸಲಿಲ್ಲ.

ಈಗ ಅಚ್ಚಾಗಿದೆ.

ನವೆಂಬರ್ 19, ಮಂಗಳವಾರ

ವಾರವೆಲ್ಲ ಬರೆಯಲಿಲ್ಲ. ಮೇಡಂಗೆ ಹೇಳಬೇಕು ಅಂತ ಹೋಗುವುದು, ಹೇಳದೆ ಬರುವುದು.

ಇವತ್ತಿನಿಂದ ವಿಶ್ವ ಪರಂಪರೆ ಸಪ್ತಾಹ. ಹೊಸ ಬೋರ್ಡುಗಳನ್ನು ನಿಲ್ಲಿಸಿದರು. ಹೊಂಡದ ಮೇಲೂ ಒಂದು. ಸ್ಟೀಲ್ ಕಂಬ, ನೀಲಿ ಹಲಗೆ, ಕನ್ನಡ, ಇಂಗ್ಲಿಷು, ಹಿಂದಿ. ಕೂತು ಎಣಿಸುವ ಹುಡುಗಿಯ ಚಿತ್ರ. ಎರಡು ಜಡೆ.

ಕಿರಣ್‌ಕುಮಾರ್‌ಗೆ ಹೇಳಿದೆ, ಇದು ಸುಳ್ಳು ಕಣಪ್ಪ ಅಂತ.

"ಇರ್ಲಿ ಬಿಡಣ್ಣ. ಜನಕ್ಕೆ ಬೇಕಾಗಿರದು ಅದೇ. ಚೆನ್ನಾಗೈತೆ."

ಚೆನ್ನಾಗಿದೆ. ಅದೇ ಸಂಕಟ. ನನ್ನ ನಿಜದ ಮಾತು ಒಂದನ್ನೂ ಯಾರೂ ಬರೆದುಕೊಳ್ಳಲಿಲ್ಲ. ಕಲ್ಲು ಹೇಗೆ ಸೀಳಿದರು, ಒಂದು ಹೊಂಡದಿಂದ ಇನ್ನೊಂದಕ್ಕೆ ನೀರು ಹೇಗೆ ಇಳಿಯುತ್ತದೆ — ಕೂಗಿ ಕೂಗಿ ಹೇಳಿದ್ದೇನೆ. ಉಳಿದದ್ದು ಇದೊಂದು.

ನವೆಂಬರ್ 20, ಬುಧವಾರ

ಹೇಳಿದೆ. ಕ್ಲಾಸು ಮುಗಿದ ಮೇಲೆ, ಎಲ್ಲರೂ ಹೋದ ಮೇಲೆ.

ಮೇಡಂ ಬೋರ್ಡು ಒರೆಸುತ್ತಿದ್ದವರು ಹಾಗೇ ನಿಂತರು.

"ಕಾಲು ನೋಯ್ತು ಅಂತ ಅಳ್ತಿದ್ದ ಹುಡುಗಿ ನಾನೇ."

ಐಮಂಗಲದ ಶಾಲೆ ಟೂರು. ಆರನೇ ಕ್ಲಾಸಂತೆ ಆಗ. ಆ ಕಥೆ ಕೇಳಿ ಮನೆಗೆ ಹೋದವರಿಗೆ ಮತ್ತೆ ಇತಿಹಾಸ ಬಿಟ್ಟು ಬೇರೆ ಏನನ್ನೂ ಓದಬೇಕು ಅನ್ನಿಸಲಿಲ್ಲವಂತೆ. ಅವರಪ್ಪ ಯತ್ತಪ್ಪ ಕುರಿ ಮಾರಿ ಕಾಲೇಜಿಗೆ ಸೇರಿಸಿದರಂತೆ.

ಬೋರ್ಡು ಪೂರ್ತಿ ಒರೆಸಿ ಮುಗಿಸಿದರು. ಆಮೇಲೆ, "ಎಲ್ಲಾ ಐತಿಹ್ಯನೂ ಯಾರೋ ಒಬ್ರು ಮೊದ್ಲು ಹೇಳಿರ್ತಾರೆ ಅಲ್ವಾ?"

"ಆ ಒಬ್ರು ಸತ್ತೋಗಿರ್ತಾರೆ ಮೇಡಂ. ನಾನಿನ್ನೂ ಇದೀನಿ."

ಹಾಗಾದರೆ ಆ ಕುಳಿಗಳು ಏನು ಅಂತ ಕೇಳಿದೆ. ಇಂಥವು ಬೇರೆ ಬೇರೆ ದೇಶಗಳಲ್ಲೂ ಇವೆಯಂತೆ. ಕೋಟೆಗಿಂತ ಎಷ್ಟೋ ಸಾವಿರ ವರ್ಷ ಹಿಂದಿನವೂ ಇರಬಹುದು, ಧಾನ್ಯ ಕುಟ್ಟಿದ್ದೂ ಇರಬಹುದು, ಪೂಜೆಗೂ ಇರಬಹುದು. ಯಾರಿಗೂ ಗೊತ್ತಿಲ್ಲ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಪಾಠದಲ್ಲಿ "ಉದ್ದೇಶ ಖಚಿತವಾಗಿ ತಿಳಿದಿಲ್ಲ" ಅಂತಲೇ ಬರೆದಿದ್ದಾರೆ. ನಮ್ಮ ಕುಳಿಗಳಿಗೂ ಹಾಗೇ ಎರಡು ಸಾಲು ಬರೆದಿದ್ದರಂತೆ. ಬೋರಾಗುತ್ತದೆ ಅಂತ ಇಲಾಖೆ ಕಚೇರಿಯಲ್ಲಿ ತೆಗೆಸಿದರಂತೆ.

ಅವರ ದೇಶದ ಕಲ್ಲಿಗೆ ಗೊತ್ತಿಲ್ಲ ಅನ್ನಬಹುದು. ನಮ್ಮ ಕಲ್ಲಿಗೆ ಅನ್ನಬಾರದು.

ನವೆಂಬರ್ 25, ಸೋಮವಾರ

ಕಚೇರಿಗೆ ಹೋದೆ. ಬೋರ್ಡು ತಪ್ಪಾಗಿದೆ, ತಿದ್ದಿ ಅಂತ ಅರ್ಜಿ. ಜಯಕ್ಕ ಬೇಡ ಅಂದಳು, ಕೇಳಲಿಲ್ಲ. ಹನ್ನೊಂದರಿಂದ ಒಂದೂವರೆ ತನಕ ಬೆಂಚು.

ಗುಮಾಸ್ತ ಅರ್ಜಿ ತಿರುಗಿಸಿ ನೋಡಿದ.

"ಗೈಡ್ ಕಾರ್ಡ್ ನಂಬರ್ ಎಲ್ಲಿ?"

"ಇನ್ನೂ ಆಗಿಲ್ಲ. ಪರೀಕ್ಷೆ ಐತೆ."

"ಕಾರ್ಡ್ ಆದ್ಮೇಲೆ ಬರ್ರಿ. ಕಾರ್ಡ್ ಇಲ್ದೋರ ಆಕ್ಷೇಪಣೆ ತಗಳಕ್ಕೆ ಬರಲ್ಲ."

ಕಾರ್ಡ್ ಬೇಕಾದರೆ ಪಾಸಾಗಬೇಕು. ಪಾಸಾಗಬೇಕಾದರೆ ಕೈಪಿಡಿಯಲ್ಲಿ ಇದ್ದಂತೆ ಹೇಳಬೇಕು. ಹೇಳಿ ಪಾಸಾದವನು ಆಮೇಲೆ ಬಂದು ಅದು ಸುಳ್ಳು ಅಂದರೆ ಯಾರು ನಂಬುತ್ತಾರೆ? ಗುಮಾಸ್ತನಿಗೆ ಇದನ್ನೇ ಕೇಳಿದೆ. ಊಟಕ್ಕೆ ಎದ್ದ.

ಮನೆಗೆ ಬಂದರೆ ಜಯಕ್ಕ ಬೈದಳು. "ಕಾರ್ಡ್ ತಗಳ್ರಿ ಮೊದ್ಲು. ಸತ್ಯ ಎಲ್ಲಿಗೂ ಓಡಿ ಹೋಗಲ್ಲ. ಹೊಟ್ಟೆ ಕೇಳಲ್ಲ." ಅವಳು ಹೇಳುವುದೇ ಸರಿ. ಹಾಗೇ ಮಾಡುವುದು ಅಂತ ತೀರ್ಮಾನ.

ಡಿಸೆಂಬರ್ 2, ಸೋಮವಾರ. ಸಂಜೆ 5

ಪರೀಕ್ಷೆ ಆಯಿತು.

ಮೂರು ಜನ. ನಡುವೆ ಹಿರಿಯ ಅಧಿಕಾರಿ. ಕೊನೆಯ ಕುರ್ಚಿಯಲ್ಲಿ ಮೌನಿಕಾ ಮೇಡಂ. ಪೆಟ್ರಾ ಕೇಳಿದರು. ಬಂಡೆ ಕೊರೆದು ಊರು ಮಾಡಿದ್ದು, ಮರಳುಗಾಡಿನಲ್ಲಿ ಕಾಲುವೆ ತೋಡಿ ಮಳೆನೀರು ಹಿಡಿದದ್ದು, ನಮ್ಮ ಹೊಂಡಗಳಿಗೂ ಅದಕ್ಕೂ ಇರುವ ಹೋಲಿಕೆ — ಎಲ್ಲ ಹೇಳಿದೆ. ಅಧಿಕಾರಿ ತಲೆಯಾಡಿಸಿದರು. ಖುಷಿಯಾಗಿದ್ದರು. ನನಗೂ ಆಯಿತು.

"ಎಣಿಕೆ ಕುಳಿಗಳ ಬಗ್ಗೆ ಹೇಳಿ."

ಹದಿನೇಳು ವರ್ಷ ಹೇಳಿದ ಕಥೆ. ನಿದ್ದೆಯಲ್ಲಿ ಕೇಳಿದರೂ ಬರುತ್ತದೆ. "ಪಹರೆಯವನ ಮಗಳು" ಅಂತ ಶುರು ಮಾಡಿದೆ. ಮೇಡಂ ತಲೆ ಬಗ್ಗಿಸಿ ಪೆನ್ನಿನ ಕ್ಯಾಪು ಹಾಕುತ್ತಿದ್ದರು, ತೆಗೆಯುತ್ತಿದ್ದರು. ಕಥೆ ಅಲ್ಲೇ ನಿಲ್ಲಿಸಿದೆ.

"ಅವು ಏನು ಅಂತ ಯಾರಿಗೂ ಗೊತ್ತಿಲ್ಲ ಸಾರ್."

"ಕೈಪಿಡಿ ಓದಿಲ್ವಾ?"

"ಓದಿದೀನಿ. ಅದ್ರಾಗಿರ ಕಥೆ ನಾನೇ ಕಟ್ಟಿದ್ದು."

ಪಕ್ಕದವರು ನಕ್ಕರು. ಅಧಿಕಾರಿ ನಗಲಿಲ್ಲ, ಮೇಡಂ ಕಡೆ ತಿರುಗಿದರು. ಮೇಡಂ ಎದ್ದು ನಿಂತರು. ಎದ್ದು ನಿಲ್ಲಬೇಕಾಗಿರಲಿಲ್ಲ.

"ಹೌದು ಸಾರ್. ಚಿಕ್ಕವಳಿದ್ದಾಗ ನಂಗೆ ಹೇಳಿದ್ದು ಇವ್ರೇ. ತಪ್ಪು ನಂದು, ವಿಚಾರಿಸದೆ ಬರೆದೆ."

ಅಧಿಕಾರಿ ಪೆನ್ನು ಕೈಗೆ ತೆಗೆದುಕೊಂಡರು. "ನೋಡಿ, ಬಾಯಿಂದ ಬಾಯಿಗೆ ಬಂದಿದೆ. ಅದನ್ನೇ ಐತಿಹ್ಯ ಅನ್ನೋದು." ಬರೆದುಕೊಂಡರು. "ನೆಕ್ಸ್ಟ್ ಕಳಿಸಿ."

ಎದ್ದು ಬಂದೆ.

ಡಿಸೆಂಬರ್ 17, ಮಂಗಳವಾರ

ಪಟ್ಟಿ ಹಾಕಿದ್ದಾರೆ. ಹನ್ನೆರಡು ಜನ ಪಾಸು. ನಾನು ಇಲ್ಲ. ಮತ್ತೆ ಪರೀಕ್ಷೆ ಜೂನ್‌ನಲ್ಲಿ.

ಮೇಡಂ ಫೋನು ಮಾಡಿದ್ದರು. ಮುಂದಿನ ಬ್ಯಾಚಿಗೆ ಅವರನ್ನು ಕರೆದಿಲ್ಲವಂತೆ. ಹಿರಿಯೂರಿನಲ್ಲಿ ಒಂದು ಕಾಲೇಜಿಗೆ ಅರ್ಜಿ ಹಾಕುತ್ತಾರಂತೆ. ನನ್ನಿಂದ ಆಯಿತು ಅಂದೆ.

"ನಿಮ್ಮಿಂದಾನೇ ಶುರುವಾಗಿದ್ದು ಬಿಡ್ರಿ," ಅಂದರು. ನಕ್ಕರೋ ಏನೋ, ಸರಿಯಾಗಿ ಕೇಳಿಸಲಿಲ್ಲ. ತಪ್ಪೊಪ್ಪಿಗೆ ಬರೆದು ಕಚೇರಿಗೆ ಕಳಿಸಿದ್ದಾರಂತೆ. ಉತ್ತರ ಬಂದಿಲ್ಲ.

ಸಂಜೆ ಜಯಕ್ಕ ಸೌತೆಕಾಯಿ ಸೀಳುವ ಇನ್ನೊಂದು ಚಾಕು ತಂದು ನನ್ನ ಮುಂದೆ ಇಟ್ಟಳು.

ಜನವರಿ 3, 2025. ಶುಕ್ರವಾರ

ಮೂರು ದಿನವಾಯಿತು ಗಾಡಿ ಹತ್ತಿರ. ಸೌತೆಕಾಯಿ ಉದ್ದಕ್ಕೆ ಸೀಳುವುದು ಇನ್ನೂ ಸರಿಯಾಗಿ ಬರುವುದಿಲ್ಲ. ಹಳೇ ಗಿರಾಕಿಗಳು ಬಂದು ಗೈಡ್ ಬರ್ರಿ ಅನ್ನುತ್ತಾರೆ. ಕಿರಣ್‌ಕುಮಾರ್‌ನನ್ನು ತೋರಿಸುತ್ತೇನೆ. ಅವನು ನನ್ನ ಮುಖ ನೋಡದೆ ಕರೆದುಕೊಂಡು ಹೋಗುತ್ತಾನೆ. ಬೆರಳು ಎರಡು ಕಡೆ ಕೊಯ್ದಿದೆ.

ಜನವರಿ 5, ಭಾನುವಾರ. ಸಂಜೆ

ಇವತ್ತು ಟಿಕೆಟ್ ತೆಗೆದುಕೊಂಡು ಒಳಗೆ ಹೋದೆ. ಲೈನಿನಲ್ಲಿ ನಿಂತು. ಗೇಟಿನವನಿಗೆ ನಾಚಿಕೆಯಾಯಿತು, ಹಾಗೇ ಹೋಗ್ರಿ ಅಂದ. ಬೇಡ ಅಂದೆ.

ಬೋರ್ಡಿನ ಹತ್ತಿರ ಒಂದು ಸಂಸಾರ. ಹೊಸದುರ್ಗದ ಕಡೆಯವರು. ಗಂಡ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಓದಿ ಮುಗಿಸಿ ತಾನೇ ಮುಂದುವರಿಸಿದ — ಕೊನೆಗೆ ಒಂದು ಸಂಜೆ ಒಂದು ಕಲ್ಲು ಕಡಿಮೆ ಬಂತಂತೆ, ಅದು ಅವಳ ಅಪ್ಪನೇ ಅಂತೆ, ಹುಡುಗಿ ಹೊಂಡಕ್ಕೆ ಹಾರಿದಳಂತೆ. ಎಲ್ಲಿಂದ ತಂದನೋ. ಹೆಂಡತಿ ಬಂಡೆಗೆ ಕೈ ಮುಗಿದಳು. ಕುಳಿಯೊಂದರಲ್ಲಿ ಆಗಲೇ ಯಾರೋ ಕುಂಕುಮ ಇಟ್ಟಿದ್ದರು.

ತಡೆಯಲಾಗಲಿಲ್ಲ. "ಅದು ಸುಳ್ಳು ಸ್ವಾಮಿ," ಅಂದೆ. "ಹಂಗೇನೂ ನಡ್ದಿಲ್ಲ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನೀವು ಗೈಡಾ? ಕಾರ್ಡ್ ಐತಾ?"

ಇಲ್ಲ ಅಂದೆ. ಹೆಂಡತಿಯ ಭುಜ ಮುಟ್ಟಿ ಮುಂದೆ ಕರೆದುಕೊಂಡು ಹೋದ. ಸ್ವಲ್ಪ ದೂರ ಹೋಗಿ ಅವಳು ಹಿಂತಿರುಗಿ ನೋಡಿದಳು. ಪಾಪ, ಅನ್ನುವ ಹಾಗೆ.

ಬಂದು ಮತ್ತೆ ಅರ್ಜಿ ಬರೆಯುತ್ತಿದ್ದೇನೆ. ತಗೊಳ್ಳುವುದಿಲ್ಲ, ಗೊತ್ತಿದೆ. ಪೋಸ್ಟಿಗೆ ಹಾಕುತ್ತೇನೆ. ಮೊದಲು ಇಲ್ಲಿ ಬರೆದು ನೋಡುವುದು.

ಮಾನ್ಯರೇ, ಹೊಂಡದ ಮೇಲಿನ ಬೋರ್ಡಿನಲ್ಲಿ ಹಾಕಿರುವ ಕಥೆಯನ್ನು ಕಟ್ಟಿದವನು ನಾನು. ಅಂಥ ಹುಡುಗಿ ಇರಲಿಲ್ಲ. ಆ ಕುಳಿಗಳನ್ನು ಯಾರು, ಯಾವ ಕಾಲದಲ್ಲಿ, ಏತಕ್ಕೆ ಕೊರೆದರೋ ನನಗೆ ಗೊತ್ತಿಲ್ಲ.