ತವರಿಗೆ ಟಿಕೆಟ್

ಅಕ್ಕಾ,

ಕೆಮ್ಮು ನಿಂತಿದೆ, ಚಿಂತೆ ಬೇಡ. ಇವತ್ತು ನೋಡಿದ ಹಳೆಯ ಹಳ್ಳಿ ಇಡಿಯಾಗಿ ಒಂದೇ ಮನೆತನದ ಸ್ವತ್ತು. ಒಳಗೆ ಹೋಗಲು ಟಿಕೆಟ್ ಕೊಳ್ಳಬೇಕು. ಅಲ್ಲಿ ಬಾಡಿಗೆಗಿರುವವರ ನೆಂಟರಿಗೆ ಟಿಕೆಟ್ ಇಲ್ಲ, ಆದರೆ ಮನೆಯವರೇ ಹೆಬ್ಬಾಗಿಲಿಗೆ ಬಂದು "ಇವರು ನಮ್ಮವರು" ಎನ್ನಬೇಕು. ಸಾಲಿನಲ್ಲಿ ನನ್ನ ಮುಂದಿದ್ದ ಹೆಂಗಸಿಗಾಗಿ ಅವಳ ತಾಯಿ ಕೋಲೂರಿಕೊಂಡು ಇಳಿಜಾರು ಇಳಿದು ಬಂದಳು.

"ಯಾಕಮ್ಮ ಬಂದೆ? ಟಿಕೆಟ್ ತಗೊಂಡೇ ಬರ್ತಿದ್ದೆ."

"ತವರಿಗೆ ಬರೋಕೆ ಟಿಕೆಟ್ಟಾ? ಸುಮ್ನಿರು."

ಟಿಕೆಟಿನವನು ನಕ್ಕ. "ಅಜ್ಜಿ, ಸೋರ್ತಿದ್ದ ನಿಮ್ಮ ಸೂರು ರಿಪೇರಿ ಆಗಿದ್ದು ಇದೇ ದುಡ್ಡಲ್ಲಿ."

"ಹೌದಪ್ಪ. ಅದಕ್ಕೇ ಇವರನ್ನೆಲ್ಲ ಸಹಿಸ್ಕೊಂಡಿರೋದು," ಎಂದು ಮುದುಕಿ ನನ್ನತ್ತ ಕೋಲು ತೋರಿಸಿದಳು.

ಮಗಳು ನಗಲಿಲ್ಲ. "ಅಮ್ಮ ಹಾಸಿಗೆ ಹಿಡಿದ ದಿನ ನನ್ನನ್ನ ಒಳಗೆ ಕರ್ಕೊಂಡು ಹೋಗೋರು ಯಾರು?" ಎಂದು ಅವನನ್ನೇ ಕೇಳಿದಳು. ಅವನು ತಲೆಯೆತ್ತದೆ ನನ್ನ ಟಿಕೆಟ್ ಹರಿದ.

ನೋಡಲು ಬಂದ ನನ್ನಂಥವನಿಗೆ ದರ ಹಾಕಿದ್ದು ನ್ಯಾಯವೇ, ಸೂರು ರಿಪೇರಿಯಾಗಬೇಕಲ್ಲ. ಆದರೆ ಒಳಗೆ ಎರಡು ಗಂಟೆ ಸುತ್ತಿದರೂ ಒಂದು ಮನೆಯ ಕಿಟಕಿಯೊಳಗೂ ಇಣುಕಲು ಮನಸ್ಸಾಗಲಿಲ್ಲ.

ಬಸ್ಸು ಹಾರ್ನ್ ಹೊಡೆಯುತ್ತಿದೆ.

ನಿನ್ನ ತಮ್ಮ