ಉಪ್ಪು ನೋಡದ ಅಡುಗೆ

ಮನೆಯಿಂದ,
ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅತ್ತೆ,

ನಿಮ್ಮ ಸೊಂಟನೋವು ಹೇಗಿದೆ? ಬಾಣಂತಿ ನಾದಿನಿ, ಕೂಸು ಇಬ್ಬರೂ ಆರೋಗ್ಯವೇ? ಕೂಸಿಗೆ ನಿಮ್ಮದೇ ಮೂಗಂತೆ. ಪಾಪ, ಬೆಳೆಯುತ್ತಾ ಸರಿಹೋದೀತು! (ಬೈಯಬೇಡಿ, ತಮಾಷೆಗೆ ಅಂದೆ.) ಇಲ್ಲಿ ಮಾವನವರ ಮಂಡಿ ಇನ್ನೂ ಮಡಚುವುದಿಲ್ಲ, ಪೂಜೆಗೆ ಕೂರಲಾರರು. ನಾಲಿಗೆ ಮಾತ್ರ ಚೆನ್ನಾಗಿ ಓಡುತ್ತಿದೆ.

ನಿಮ್ಮ ಕಾಗದ ನಿನ್ನೆ ಬಂತು. ನಿಜ ಹೇಳುತ್ತೇನೆ ಅತ್ತೆ, ಓದಿ ಅತ್ತುಬಿಟ್ಟೆ. ಇಪ್ಪತ್ತು ದಿನ ನೈವೇದ್ಯದ ಅಡುಗೆಯ ಉಪ್ಪು ನೋಡಿಯೇ ದೇವರ ಮುಂದೆ ಇಟ್ಟೆನೆಂದು ನಾನೇ ಬರೆದು ಒಪ್ಪಿಕೊಂಡಿದ್ದೆ. ಅದಕ್ಕೆ ನೀವು, ಇನ್ನು ಪೂಜೆ ನಿನ್ನ ಕೈಲಾಗದು, ಚಿಕ್ಕಮಾವನನ್ನು ಕಳಿಸುತ್ತೇನೆ ಎಂದಿದ್ದೀರಿ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಆರು ವರ್ಷ ಅಡುಗೆ ಮಾಡಿದವಳು ನಾನು. ಅಲ್ಲಿ ರುಚಿ ನೋಡದೆ ಬಡಿಸಲು ಹೊರಟರೆ ಮೇಲ್ವಿಚಾರಕಿ ಮೈಮೇಲೆ ಏರಿ ಬರುತ್ತಿದ್ದರು. ತವರಿನಲ್ಲೋ, ದೇವರೆಂದರೆ ಕ್ಯಾಲೆಂಡರಿನ ಚಿತ್ರ. ಕೈ ತಾನಾಗಿಯೇ ಬಾಯಿಗೆ ಹೋಗುತ್ತಿತ್ತು.

ಅದು ಗೊತ್ತಾದ ದಿನ ಮಾವನವರು ಗದರಲಿಲ್ಲ. ದೇವರ ಕೋಣೆಯ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು, "ಬಾಮ್ಮ ಇಲ್ಲಿ. ವೈಷ್ಣವರು ಅಂದ್ರೆ ಏನು ಅಂತ ನಿಂಗೆ ಯಾರೂ ಹೇಳೇ ಇಲ್ವಲ್ಲ, ತಪ್ಪು ನಮ್ದು" ಎಂದರು. ವಿಷ್ಣುವೇ ಎಲ್ಲಕ್ಕೂ ಮೂಲ ಎಂದು ನಂಬಿದವರು ವೈಷ್ಣವರಂತೆ. "ಅವನು ಮೇಲೆ ಕೂತು ಹುಕುಂ ಮಾಡೋನಲ್ಲ, ಕಷ್ಟ ಅಂದ್ರೆ ಇಳಿದು ಬರ್ತಾನೆ. ಮೀನಾದ, ಆಮೆಯಾದ, ಹಂದಿ ಆಗೋಕೂ ನಾಚಲಿಲ್ಲ!" ರಾಮ, ಕೃಷ್ಣ ಎಲ್ಲ ಅವನೇ. ಪಕ್ಕದಲ್ಲಿ ಲಕ್ಷ್ಮಿ ಇರುವುದು ನಮ್ಮ ಪರವಾಗಿ ಒಂದು ಮಾತು ಹಾಕುವುದಕ್ಕಂತೆ. "ಹಾಗಾದ್ರೆ ನಮ್ಮನೆ ಥರಾನೇ ಬಿಡಿ, ನಿಮ್ಮಿಂದ ಏನಾಗಬೇಕಂದ್ರೂ ಅತ್ತೆಗೇ ಹೇಳಬೇಕು" ಎಂದೆ. ಬಿದ್ದು ಬಿದ್ದು ನಕ್ಕರು. ಜೀವ ಬೇರೆ, ದೇವರು ಬೇರೆ ಎನ್ನುವವರು, ಜೀವ ದೇವರ ಶರೀರವಿದ್ದಂತೆ ಎನ್ನುವವರು, ಹೀಗೆ ಪಂಥಗಳು ಹಲವಂತೆ. ಭಕ್ತಿಯಿಂದ ಶರಣಾದವರನ್ನು ಅವನು ಕೈಬಿಡುವುದಿಲ್ಲ ಎನ್ನುವಲ್ಲಿ ಮಾತ್ರ ಜಗಳವಿಲ್ಲ. "ಅದಕ್ಕೇ ಮೊದಲ ತುತ್ತು ಅವನದು. ಅವನು ಉಂಡು ಉಳಿಸಿದ್ದು ನಮಗೆ ಪ್ರಸಾದ. ನೀನು ಮೊದಲೇ ನೆಕ್ಕಿದ್ರೆ, ಅವನು ನಿನ್ನ ಪ್ರಸಾದ ಉಣ್ಣಬೇಕಾಗುತ್ತೆ!"

ಅಂದಿನಿಂದ ರುಚಿ ನೋಡಿಲ್ಲ, ನಿಮ್ಮಾಣೆ. ಕ್ಯಾಂಟೀನಿನಲ್ಲಿ ಉಪ್ಪು ಹೆಚ್ಚಾದರೂ ಕಡಿಮೆಯಾದರೂ ನಾನೇ ಉತ್ತರ ಹೇಳಬೇಕಿತ್ತು. ಇಲ್ಲಿ "ನನಗೆ ತಿಳಿದಷ್ಟು ಹಾಕಿದ್ದೇನಪ್ಪ, ಮುಂದಿನದು ನಿನ್ನದು" ಎಂದು ಪಾತ್ರೆ ಇಟ್ಟು ಕೈಮುಗಿದರೆ ಎಷ್ಟು ಹಗುರ ಅನ್ನಿಸುತ್ತದೆ ಗೊತ್ತೇ! ಈ ಸುಖ ನನಗೆ ಎಲ್ಲೂ ಸಿಕ್ಕಿರಲಿಲ್ಲ. ದಯವಿಟ್ಟು ಅದನ್ನು ಕಿತ್ತುಕೊಳ್ಳಬೇಡಿ.

ನಾದಿನಿಗೆ ನೆನಪು, ಕೂಸಿಗೆ ಮುತ್ತು, ನಿಮ್ಮ ಕಾಲಿಗೆ ನಮಸ್ಕಾರ.

ನಿಮ್ಮ ಬಾಯಾಳಿ ಸೊಸೆ

ತಾ.ಕ.: ಕಾಗದ ಅಂಟಿಸುವಷ್ಟರಲ್ಲಿ ಚಿಕ್ಕಮಾವ ಚೀಲ ಸಮೇತ ಬಂದೇಬಿಟ್ಟರು! ನೈವೇದ್ಯ ಆಗಿಹೋಗಿತ್ತು, ಅದೇ ಪ್ರಸಾದವನ್ನು ಊಟಕ್ಕೆ ಬಡಿಸಿದೆ. ಅಯ್ಯೋ ಅತ್ತೆ, ನಿಮ್ಮ ಕಾಗದದ ಗಾಬರಿಯಲ್ಲಿ ಬೆಳಿಗ್ಗೆ ಬೇಳೆಗೆ ಎರಡು ಸಲ ಉಪ್ಪು ಹಾಕಿಬಿಟ್ಟಿದ್ದೆ! ಅವರು ಕಣ್ಣಿಗೊತ್ತಿಕೊಂಡು ಪೂರ್ತಿ ಉಂಡರು, ಮೂರು ಚೊಂಬು ನೀರು ಕುಡಿದರು. "ನೀನು ರುಚಿ ನೋಡಿಲ್ಲ ಅನ್ನೋಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ? ಪೂಜೆ ನೀನೇ ಮಾಡಮ್ಮ" ಎಂದು ಮಧ್ಯಾಹ್ನದ ಬಸ್ಸಿಗೇ ಹೊರಟುಹೋದರು.