ಕಪ್ಪು ವಿಡಿಯೋಗಳಿಗೆ ಜಾಗ

ಮನೆ, ಮಹಡಿಯ ಮುಂದಿನ ಕೋಣೆ
ಮಾರ್ಚ್ ೧೨, ಭಾನುವಾರ ಬೆಳಿಗ್ಗೆ

ಪ್ರೀತಿಯ ಸ್ಪ್ಯಾನರ್ ರಾಣಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ಹಡಗಿನ ಎಂಜಿನ್ ರೂಮಿನ ಸೆಕೆಗೆ ಕತ್ತಿನ ಸುತ್ತ ಬೆವರುಸಾಲೆ ಎದ್ದಿದೆ ಎಂದು ಬರೆದಿದ್ದೆ, ಈಗ ಕಡಿಮೆಯಾಯಿತೇ? ಮಷೀನಿಗೆ ಎಣ್ಣೆ ಬಿಡುವುದನ್ನು ಮರೆಯದವಳು ನಿನ್ನ ಊಟ ಮರೆಯುತ್ತೀಯ ಎಂದು ಅಮ್ಮನ ದೂರು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಅಕ್ಕನಿಗೆ ಈ ವಾರ ಲ್ಯಾಬಿನಲ್ಲಿ ಬೆಳಗಿನ ಪಾಳಿ, ಮಧ್ಯಾಹ್ನಕ್ಕೇ ಮನೆಗೆ ಬಂದು ನನ್ನ ತಲೆ ತಿನ್ನುತ್ತಾಳೆ. ಅಮ್ಮನ ಗಂಟಲಿನ ಗಾಯ ಪೂರ್ತಿ ಒಣಗಿದೆ. ಡಾಕ್ಟರು ಮೊನ್ನೆ ನೋಡಿ, ಗಡ್ಡೆ ಮತ್ತೆ ಬಂದಿಲ್ಲ, ಇನ್ನು ಧೈರ್ಯವಾಗಿರಿ ಎಂದರು. ದನಿ ಮಾತ್ರ ಹೋದದ್ದು ಹೋಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ಅದು ಬರುವುದಿಲ್ಲ ಎಂದು ಅವರು ಆಪರೇಷನ್ನಿಗೆ ಮೊದಲೇ ಹೇಳಿದ್ದರಲ್ಲ. ಈಗ ಸೊಂಟಕ್ಕೆ ಒಂದು ಸ್ಲೇಟು ಕಟ್ಟಿಕೊಂಡು ಓಡಾಡುತ್ತಾಳೆ. ಕೋಪ ಬಂದರೆ ಬರೆದ ಮಾತಿನ ಕೆಳಗೆ ಗೆರೆ ಎಳೆಯುತ್ತಾಳೆ, ಇನ್ನೂ ಕೋಪ ಬಂದರೆ ಬಳಪ ಮುರಿಯುತ್ತದೆ. ಬೈಗುಳವೇನೂ ಕಡಿಮೆಯಾಗಿಲ್ಲ, ನೀನು ಚಿಂತೆ ಮಾಡಬೇಡ.

ನೀನು ಹೋದ ಸಲದ ಕಾಗದದಲ್ಲಿ, "ಅಮ್ಮನ ಹಳೇ ದನಿ ಎಲ್ಲಾದ್ರೂ ಉಳಿದಿದ್ಯಾ ಅಪ್ಪಾ? ಒಂದು ತುಣುಕಾದ್ರೂ ಹುಡುಕಿ ಕಳ್ಸಿ" ಎಂದು ಕೇಳಿದ್ದೆಯಲ್ಲ, ಈ ಉದ್ದನೆಯ ಕಾಗದ ಅದರ ಬಗ್ಗೆಯೇ. ಆಪರೇಷನ್ ಆದಾಗ ನೀನು ಸಮುದ್ರದ ನಡುವೆ ಇದ್ದೆ, ಬರಲಾಗಲಿಲ್ಲ. ಆಮೇಲೆ ಬಂದರುಗಳಿಂದ ಫೋನ್ ಮಾಡಿದಾಗಲೆಲ್ಲ ನನ್ನ ಹತ್ತಿರ ಮಾತಾಡಿ, "ಅಮ್ಮಂಗೆ ಹೇಳಿ" ಎಂದು ಇಟ್ಟುಬಿಡುತ್ತೀಯ. ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ನೀನು ಕೇಳಿದ್ದನ್ನು ಓದಿ ನನಗೆ ಪೇಚಾಟಕ್ಕಿಟ್ಟುಕೊಂಡಿತು. ಊರಿಗೆ ಊರೇ ಕೇಳಿದ ದನಿ, ನಮ್ಮ ಮನೆಯಲ್ಲಿ ಒಂದು ಚೂರೂ ಇಲ್ಲ! ಬಸ್ ನಿಲ್ದಾಣದ ಆ ಗಾಜಿನ ಗೂಡು ನಿನಗೆ ನೆನಪಿದೆಯಾ? ಶಾಲೆ ಬಿಟ್ಟ ಮೇಲೆ ಅಲ್ಲೇ ಮೇಜಿನ ಕೆಳಗೆ ಕೂತು ಹೋಂವರ್ಕ್ ಬರೆಯುತ್ತಿದ್ದೆ. ಅಮ್ಮ ಮೈಕಿನ ಕತ್ತು ಹಿಡಿದು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಹೇಳಿದರೆ ಮಲಗಿದ್ದವರೂ ಎದ್ದು ಗಂಟು ಎತ್ತಿಕೊಳ್ಳುತ್ತಿದ್ದರು. ನಾನು ಹೊಸದಾಗಿ ಆ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದಾಗ ರೈಲ್ವೆ ಗೇಟಿನಿಂದಾಗಿ ದಿನಾ ತಡ. ಒಂದು ದಿನ ಬಸ್ಸು ಒಳಗೆ ತಿರುಗುತ್ತಿದ್ದ ಹಾಗೇ ಮೇಲಿನಿಂದ ದನಿ ಬಂತು: "ಪ್ರಯಾಣಿಕರ ಗಮನಕ್ಕೆ, ನಿಮ್ಮ ಬಸ್ಸು ಕೊನೆಗೂ ಬಂದಿದೆ. ಚಾಲಕರಿಗೆ ಅಭಿನಂದನೆ ಹೇಳಿ ಹತ್ತಿಕೊಳ್ಳಿ." ನಿಲ್ದಾಣವೆಲ್ಲ ನಕ್ಕಿತು. ಕಿಡಿಕಿಡಿಯಾಗಿ ಜಗಳಕ್ಕೆ ಹೋದವನು ಆ ಗೂಡಿನಲ್ಲಿ ಟೀ ಕುಡಿದು ಬಂದೆ. ಮಿಕ್ಕದ್ದು ನಿಮಗೆಲ್ಲ ಗೊತ್ತು. ಕೊನೆಗೆ ನಿಲ್ದಾಣಕ್ಕೆ ಕಂಪ್ಯೂಟರಿನ ದನಿ ಬಂತು, ಅಮ್ಮ ಮನೆಗೆ ಬಂದಳು. ಮನೆಯಲ್ಲಿ ಊಟಕ್ಕೆ ಕರೆಯುವಾಗಲೂ ಅದೇ ಗತ್ತು, "ಊಟಕ್ಕೆ ಹೊರಡುವವರು ಕೂಡಲೇ ಅಡುಗೆಮನೆಗೆ ಬರಬೇಕು" ಎಂದು. ದಿನಾ ಕಿವಿಗೆ ಬೀಳುವ ದನಿಯನ್ನು ಯಾರು ಹಿಡಿದಿಡುತ್ತಾರೆ ಹೇಳು. ಫೋನಿನಲ್ಲಿ ಹಿಡಿಯೋಣವೆಂದು ಎತ್ತಿದರೆ ಸಾಕು, ಬಾಯಿಗೆ ಬೀಗ ಹಾಕಿಕೊಂಡು ಮುಖ ತಿರುಗಿಸುತ್ತಿದ್ದಳು.

ಇಷ್ಟರಲ್ಲಿ ನನ್ನ ಫೋನು ಮುಷ್ಕರ ಹೂಡಿತ್ತು. ಏನು ಒತ್ತಿದರೂ 'ಸ್ಟೋರೇಜ್ ತುಂಬಿದೆ' ಎಂಬ ಒಂದೇ ಮಾತು. ಕರೆ ಬಂದರೆ ಎತ್ತುವಷ್ಟರಲ್ಲಿ ನಿಂತುಹೋಗುವುದು, ಫೋಟೋ ತೆರೆದರೆ ಪರದೆ ಹೆಪ್ಪುಗಟ್ಟಿ ಕೂರುವುದು. ನನಗೆ ಸಿಟ್ಟು ಬಂತು. ನನ್ನ ಸರ್ವೀಸಿನಲ್ಲಿ ಜಾಗವಿಲ್ಲವೆಂದು ಯಾರನ್ನೂ ದಾರಿಯಲ್ಲಿ ಬಿಟ್ಟು ಬಂದವನಲ್ಲ ನಾನು. ನಮ್ಮ ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು, "ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಮೈದಾನ ಇದೆ" ಎಂದು ಕೂಗುತ್ತಿದ್ದ, ನಿಜವಾಗಿಯೂ ಎಲ್ಲರಿಗೂ ಜಾಗವಾಗುತ್ತಿತ್ತು. ಈ ಅಂಗೈ ಅಗಲದ ಡಬ್ಬಿಗೆ ಎಷ್ಟು ಕೊಬ್ಬು! ಎತ್ತಿಕೊಂಡು ರೇಡಿಯೋ ಮಾಮನ ಅಂಗಡಿಗೆ ಹೋದೆ. ಅದೇ, ನಿಲ್ದಾಣದ ಮೈಕು ಕೆಟ್ಟಾಗಲೆಲ್ಲ ಸರಿಮಾಡಲು ಬರುತ್ತಿದ್ದನಲ್ಲ, ನೀನು ಅವನ ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ಕದ್ದು ಓಡುತ್ತಿದ್ದೆಯಲ್ಲ, ಅವನೇ. ಈಗ ರೇಡಿಯೋ ಕೇಳುವವರಿಲ್ಲ, ಮೊಬೈಲು ರಿಪೇರಿ ಮಾಡುತ್ತಾನೆ. ಅವನು ಫೋನು ನೋಡಿ, "ಅಣ್ಣಾ, ಇದಕ್ಕೆ ಉಸಿರಾಡೋಕೂ ಜಾಗ ಇಲ್ಲ" ಎಂದು ಒಳಗಿದ್ದುದನ್ನೆಲ್ಲ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಲ್ಲಿಸಿ ತೋರಿಸಿದ. ಮೇಲಿದ್ದವೆಲ್ಲ ವಿಡಿಯೋಗಳು, ಎಲ್ಲವೂ ಕಪ್ಪು. "ಏನೂ ಕಾಣಲ್ಲ, ಸುಮ್ನೆ ಜಾಗ ತಿಂತಿವೆ. ಅಳಿಸಿಬಿಡಿ" ಎಂದ. ನಾನೂ ಸ್ಟೂಲಿನ ಮೇಲೆ ಕೂತು ಕಳೆ ಕೀಳುವವನ ಹಾಗೆ ಒಂದೊಂದನ್ನೇ ಅಳಿಸತೊಡಗಿದೆ.

ಒಂದು ಕಡೆ ಬೆರಳು ತಪ್ಪಿ ವಿಡಿಯೋ ಓಡಿಬಿಟ್ಟಿತು. ಪರದೆ ಪೂರ್ತಿ ಕತ್ತಲು. ಬಟ್ಟೆ ಉಜ್ಜಿದ ಸರಸರ ಸದ್ದು. ಅದರ ಹಿಂದೆಯೇ, "ರೀ, ನಲ್ಲಿ ನಿಲ್ಸಿ ಅಂತ ಎಷ್ಟು ಸಲ ಹೇಳೋದು? ಬಕೆಟ್ ತುಂಬಿ ಬಚ್ಚಲೆಲ್ಲ ಕೆರೆ ಆಗಿದೆ!" ಮಗಳೇ, ಅಳಿಸುವುದನ್ನು ಅಲ್ಲೇ ನಿಲ್ಲಿಸಿದೆ. ರೇಡಿಯೋ ಮಾಮ ಕೆಲಸ ಬಿಟ್ಟು ತಲೆಯೆತ್ತಿ, ಅಮ್ಮನ ದನಿ ಗುರುತಿಸಿ, "ಅಕ್ಕ!" ಎಂದ. ಇಬ್ಬರೂ ಬಚ್ಚಲಿನ ಬೈಗುಳವನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳಿದೆವು. ಗಿರಾಕಿಗಳು ನಮ್ಮನ್ನು ಹುಚ್ಚರೆಂದುಕೊಂಡಿರಬೇಕು. ಆದದ್ದೇನೆಂದರೆ, ಕೆಂಪು ಕಂಡರೆ ನಿಲ್ಲಬೇಕು ಎಂದು ಜೀವಮಾನವೆಲ್ಲ ಬಸ್ಸು ಓಡಿಸಿದವನು ನಾನು. ಕ್ಯಾಮೆರಾ ತೆರೆದು ವಿಡಿಯೋಗೆ ತಿರುಗಿಸಿದ ಕೂಡಲೇ ಅದು ಓಡುತ್ತಿದೆ ಎಂದು ತಿಳಿದು ಹಿಡಿದು ನಿಲ್ಲುತ್ತಿದ್ದೆ. ಮುಗಿದ ಮೇಲೆ ನಿಲ್ಲಿಸಲೆಂದು ಕೆಂಪು ಗುಂಡಿ ಒತ್ತಿ ಅಂಗಿಯ ಜೇಬಿಗೆ ಹಾಕುತ್ತಿದ್ದೆ. ವಿಡಿಯೋ ಶುರುವಾಗುತ್ತಿದ್ದುದೇ ಆಗ! ನಾನು ಹಿಡಿಯಬೇಕೆಂದದ್ದು ಒಂದೂ ಇಲ್ಲ. ಅಕ್ಕನಿಗೆ ಬಹುಮಾನ ಕೊಟ್ಟದ್ದಿಲ್ಲ, ನೀನು ಮೊದಲ ಸಲ ಸಮವಸ್ತ್ರ ಹಾಕಿ ಬಂದದ್ದಿಲ್ಲ. ಅದರ ಬದಲು ಪ್ರತಿಯೊಂದರ ನಂತರದ್ದು ಇದೆ, ಜೇಬಿನ ಕತ್ತಲಲ್ಲಿ. ಕ್ಯಾಮೆರಾ ಇಳಿಯಿತೆಂದು ಬಾಯಿ ಬಿಟ್ಟ ನಿನ್ನ ಅಮ್ಮ ಇದ್ದಾಳೆ. ಅಷ್ಟರಲ್ಲಿ ನಾನು ಅಳಿಸಿದ್ದವು ಹೋದವೇ, ಮಾಮ ಎಷ್ಟು ಹುಡುಕಿದರೂ ಸಿಗಲಿಲ್ಲ.

ಮನೆಗೆ ಓಡಿಬಂದು ಅಮ್ಮನಿಗೆ ಕೇಳಿಸಿದೆ. ಹಿಗ್ಗುತ್ತಾಳೆ ಎಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು! ಬಟ್ಟೆ ಮಡಿಸುತ್ತಿದ್ದವಳು ಮೊದಲ ಮಾತಿಗೇ ನಿಂತುಬಿಟ್ಟಳು. ಕತ್ತಿಗೆ ಕಟ್ಟಿದ ಬಟ್ಟೆಯ ಮೇಲೆ ಕೈ ಹೋಯಿತು. ಸ್ಲೇಟು ತೆಗೆದು 'ಅಳಿಸಿ' ಎಂದು ಬರೆದು, ಕೆಳಗೆ ಗೆರೆ ಎಳೆದು, ಗೋಡೆಯ ಕಡೆ ತಿರುಗಿ ಕೂತಳು. ಏಕೆ ಎಂದು ಕೇಳಿದರೆ ಅದೇ ಮಾತಿನ ಕೆಳಗೆ ಇನ್ನೊಂದು ಗೆರೆ ಎಳೆದಳು. ನಾನು ಎರಡೂ ಕಡೆ ಸಿಕ್ಕಿಬಿದ್ದೆ. ಅವಳ ದನಿ, ಅವಳ ಇಷ್ಟ ಎಂದು ಒಂದು ಮನಸ್ಸು. ಮಗಳು ಬಾಯಿಬಿಟ್ಟು ಕೇಳಿದ್ದು ಇದೊಂದೇ ಎಂದು ಇನ್ನೊಂದು ಮನಸ್ಸು. ಅಳಿಸದಿದ್ದರೆ ಫೋನು ಪೂರ್ತಿ ಮಲಗುತ್ತದೆ, ಮಲಗಿದರೆ ಎಲ್ಲವೂ ಅದರೊಳಗೇ ಉಳಿಯುತ್ತದೆ ಎಂದು ಮಾಮ ಬೇರೆ ಹೆದರಿಸಿದ್ದ. ಕೊನೆಗೆ ಅಳಿಸುವುದೂ ಬೇಡ, ಅವಳಿಗೆ ಕೇಳಿಸುವುದೂ ಬೇಡ, ಜಾಗ ಹೆಚ್ಚಿಸೋಣ ಎಂದು ತೀರ್ಮಾನಿಸಿ ಒಂದು ಮೆಮೊರಿ ಕಾರ್ಡು ತಂದೆ. ಹಡಗಿನಲ್ಲಿ ನಿನಗೆ ಇಂಟರ್ನೆಟ್ ಸಿಗುವುದಿಲ್ಲವಲ್ಲ, ಹಾಗಾಗಿ ವಿಡಿಯೋಗಳನ್ನೆಲ್ಲ ಅದಕ್ಕೆ ತುಂಬಿ, ಕಾರ್ಡನ್ನೇ ಕಾಗದದೊಳಗಿಟ್ಟು ನಿನಗೆ ಕಳುಹಿಸುವುದು ನನ್ನ ಯೋಜನೆ.

ಕಿರುಬೆರಳಿನ ಉಗುರಿನಷ್ಟಿದೆ ಕಣೇ ಆ ಕಾರ್ಡು. "ನಾಳೆ ಬನ್ನಿ, ನಾನೇ ಹಾಕಿಕೊಡ್ತೀನಿ" ಎಂದು ಮಾಮ ಹೇಳಿದ್ದ. ನನ್ನ ಹತ್ತಿರ ನಾಳೆ ಎಂಬುದು ಎಂದಾದರೂ ನಡೆದಿದೆಯೇ? ಪಿನ್ನಿನಿಂದ ಫೋನಿನ ಸಿಮ್ ತಟ್ಟೆ ಹೊರಗೆಳೆದು ನಾನೇ ಕೂರಿಸಿದೆ. ಫೋನು ಕೇಳಿತು, ಈ ಕಾರ್ಡನ್ನು ಫೋನಿನದೇ ಜಾಗವಾಗಿ ಬಳಸಬೇಕೇ, ಅಥವಾ ಬೇರೆ ಕಡೆಗೆ ಒಯ್ಯುವ ಕಾರ್ಡಾಗಿಯೇ ಇರಲೇ ಎಂದು. ಮನೆಗೆ ಬಂದವರನ್ನು ಮನೆಯವರು ಎನ್ನದೆ ಬಾಗಿಲಲ್ಲೇ ನಿಲ್ಲಿಸುತ್ತಾರೆಯೇ? ಫೋನಿನದೇ ಎಂದು ಒತ್ತಿದೆ. ಮಧ್ಯಾಹ್ನವೆಲ್ಲ ಸಾಮಾನು ಸಾಗಿಸಿ ಸಂಜೆಗೆ ಫೋನು ಹಗುರವಾಯಿತು, ಒತ್ತಿದ ಕೂಡಲೇ ಓಡತೊಡಗಿತು. ಬೀಗುತ್ತಾ ಕಾರ್ಡು ಹೊರಗೆ ತೆಗೆದೆ. ಕಳುಹಿಸುವ ಮೊದಲು ಪರೀಕ್ಷೆ ಮಾಡೋಣವೆಂದು ಅಕ್ಕನ ಫೋನಿಗೆ ಹಾಕಿದರೆ, ಈ ಕಾರ್ಡು ಸರಿಯಿಲ್ಲ, ಫಾರ್ಮ್ಯಾಟ್ ಮಾಡಬೇಕು ಎಂದಿತು. ಫಾರ್ಮ್ಯಾಟ್ ಎಂದರೆ ಹೊಸಬರ ಪರಿಚಯ ಮಾಡಿಕೊಳ್ಳುವುದು ಇರಬೇಕು ಎಂದುಕೊಂಡು ಹೂಂ ಎಂದು ಒತ್ತಲು ಬೆರಳು ಚಾಚಿದೆ. ಫಟ್ ಎಂದು ಕೈಮೇಲೆ ಏಟು ಬಿತ್ತು! ಅಮ್ಮ ಯಾವಾಗ ಬಂದು ಹಿಂದೆ ನಿಂತಿದ್ದಳೋ. ಎಲ್ಲವೂ ಅಳಿಸಿಹೋಗುತ್ತದೆ ಎಂದು ಕೆಳಗೆ ಸಣ್ಣಕ್ಷರದಲ್ಲಿದ್ದುದನ್ನು ನಾನು ಓದಿರಲಿಲ್ಲ, ಅವಳು ಓದಿದ್ದಳು. ಫೋನು ಕಿತ್ತುಕೊಂಡು, ಸ್ಲೇಟಿನ ಮೇಲೆ 'ಮಾಮನ ಅಂಗಡಿಗೆ. ಈಗಲೇ' ಎಂದು ಬರೆದಳು. ಬಳಪ ಮುರಿಯಿತು. ಅಳಿಸಿ ಎಂದವಳೇ ಚಪ್ಪಲಿ ಮೆಟ್ಟಿಕೊಂಡು ನನಗಿಂತ ಮೊದಲು ಬೀದಿಗಿಳಿದಳು.

ಮಾಮ ತಲೆ ಚಚ್ಚಿಕೊಂಡ. ಫೋನಿನದೇ ಎಂದು ಒಪ್ಪಿಕೊಂಡ ಕಾರ್ಡನ್ನು ಫೋನು ತನ್ನ ಬೀಗ ಹಾಕಿ ಇಟ್ಟುಕೊಳ್ಳುತ್ತದಂತೆ, ಬೀಗದ ಕೈ ಆ ಫೋನಿನ ಹತ್ತಿರ ಮಾತ್ರ. ಬೇರೆ ಯಾವ ಫೋನಿಗೆ ಹಾಕಿದರೂ ಅದು ಬರೀ ಪ್ಲಾಸ್ಟಿಕ್ಕು. ಹಡಗಿಗೆ ಕಳುಹಿಸಿದ್ದರೆ ನಿನಗೂ ಇಲ್ಲ, ನಮಗೂ ಇಲ್ಲ. ಅವನು ಕಾರ್ಡನ್ನು ನನ್ನ ಫೋನಿಗೇ ಮರಳಿ ಹಾಕಿದ. ಎಲ್ಲವೂ ಬರುವವರೆಗೆ ನಿನ್ನ ಅಮ್ಮ ನನ್ನ ತೋಳನ್ನು ಬಿಡಲಿಲ್ಲ, ಇನ್ನೂ ಕೆಂಪಗಿದೆ. ಬಂದವು ಮಗಳೇ, ಒಂದೂ ಬಿಡದೆ. ಇನ್ನೊಂದು ಪುಟ್ಟ ಕಾರ್ಡನ್ನು ಒಯ್ಯುವ ಕಾರ್ಡಾಗಿಯೇ ಇಟ್ಟು, ಅದಕ್ಕೆ ಯಾವುದನ್ನು ಹಾಕಲಿ ಎಂದು ಮಾಮ ಕೇಳಿದಾಗ ಅಮ್ಮ ಇಯರ್‌ಫೋನ್ ಹಾಕಿಕೊಂಡು ಅಂಗಡಿಯ ಮೂಲೆಯಲ್ಲಿ ಕೂತಳು. ಒಂದೊಂದನ್ನೇ ಕೇಳಿದಳು, ನನ್ನನ್ನು ಹತ್ತಿರ ಬಿಡಲಿಲ್ಲ. ಒಂದೆರಡು ಸಲ ನಕ್ಕಳು, ಒಂದು ಸಲ ಕಣ್ಣು ಒರೆಸಿಕೊಂಡಳು. ಕೊನೆಗೆ ಬಂದು ಒಂದನ್ನು ಬೆರಳಿಟ್ಟು ತೋರಿಸಿದಳು.

ಅದು ನೀನು ಹಡಗಿಗೆ ಹೊರಟ ದಿನದ್ದು. ನೀನು ಟ್ಯಾಕ್ಸಿ ಹತ್ತಿ ಕೈಬೀಸಿದ್ದನ್ನು ಹಿಡಿದೆ ಎಂದು ನಾನು ಅಷ್ಟು ಜಂಬ ಕೊಚ್ಚಿದ್ದೆ, ಅದಿಲ್ಲ. ಟ್ಯಾಕ್ಸಿ ಹೊರಟುಹೋದ ಸದ್ದಿನಿಂದ ಶುರುವಾಗುತ್ತದೆ. ಹೊರಡುವಾಗ ಅಮ್ಮ ಒಂದು ಮಾತೂ ಆಡಲಿಲ್ಲ ಎಂದು ನೀನು ಮೊದಲ ಬಂದರಿನಿಂದ ಅಳುತ್ತಾ ಫೋನ್ ಮಾಡಿದ್ದೆಯಲ್ಲ? ಕೇಳು. ಗೇಟಿನಿಂದ ಮಹಡಿ ಮೆಟ್ಟಿಲು ಮುಗಿಯುವವರೆಗೂ ಅವಳ ಬಾಯಿ ನಿಂತಿಲ್ಲ. "ಬೆಚ್ಚನೆ ಸಾಕ್ಸ್ ಇಟ್ಕೊಂಡ್ಳೋ ಇಲ್ವೋ... ಹಡಗಲ್ಲಿ ಮೆಟ್ಟಿಲು ಜಾರುತ್ತಂತೆ... ನೋಡಿ, ಊಟದ ಡಬ್ಬಿ ಇಲ್ಲೇ ಬಿಟ್ಟು ಹೋಗಿದ್ದಾಳೆ, ಅಪ್ಪನ ಮಗಳು..." ಎಂದು. ನಾನು, ಇದನ್ನೆಲ್ಲ ಅವಳ ಮುಂದೆ ಹೇಳಬಾರದಿತ್ತಾ ಎಂದು ಗೊಣಗಿದ್ದೇನೆ. ಅದಕ್ಕೆ ಅಮ್ಮ, "ಬಾಯಿ ಬಿಟ್ಟಿದ್ರೆ ಹೋಗಬೇಡ ಅಂತಾನೇ ಬರ್ತಿತ್ತು ಕಣ್ರೀ. ಅದಕ್ಕೇ ಸುಮ್ನಿದ್ದೆ."

ನಾನು ಅಂಗಡಿಯಲ್ಲೇ ಅತ್ತುಬಿಟ್ಟೆ, ಮರೆಮಾಚುವುದೇನು. ಆ ಮಾತನ್ನು ಅವತ್ತು ಪಕ್ಕದಲ್ಲೇ ನಿಂತು ಕೇಳಿ ಮರೆತೂಬಿಟ್ಟಿದ್ದೆ. ಕಾರ್ಡನ್ನು ದಪ್ಪ ಕಾಗದದಲ್ಲಿ ಮಡಚಿ ಇದರೊಳಗೆ ಇಟ್ಟಿದ್ದೇನೆ, ಬಿಚ್ಚುವಾಗ ಜೋಪಾನ. ಇದು ಎಲ್ಲ ಫೋನಿನಲ್ಲೂ ತೆರೆಯುತ್ತದೆ, ಮಾಮ ಮೂರು ಮೂರು ಫೋನಿಗೆ ಹಾಕಿ ನೋಡಿದ್ದಾನೆ. ಏನಾದರೂ ಕೇಳಿದರೆ ಮಾತ್ರ ಸಣ್ಣಕ್ಷರ ಓದಿ ಆಮೇಲೆ ಒತ್ತು, ನನ್ನ ಹಾಗೆ ಮಾಡಬೇಡ. ಅಕ್ಕ ನೆನಪು ಹೇಳಿದ್ದಾಳೆ. ಕದ್ದ ಸ್ಕ್ರೂಡ್ರೈವರ್ ಯಾವಾಗ ವಾಪಸು ಎಂದು ಮಾಮ ಕೇಳಿದ್ದಾನೆ. ಮೈ ಕೈ ನೋಡಿಕೊಂಡು ಕೆಲಸ ಮಾಡು, ನೂರು ಕಾಲ ಸುಖವಾಗಿ ಬಾಳು ತಾಯಿ.

ಇಂತು, ಯಾವಾಗಲೂ ತಡವಾಗಿಯೇ ಬರುವ
ನಿನ್ನ ಅಪ್ಪ

ತಾ.ಕ.: ಇದು ಅಮ್ಮ. ಅಪ್ಪ ಕವರಿಗೆ ಗೋಂದು ಹುಡುಕಲು ಒಳಗೆ ಹೋಗಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಕಾರ್ಡು ಹಾಕಿ ಕೇಳು. ದನಿ ಚೆನ್ನಾಗಿದೆ, ನನಗೇ ಇಷ್ಟವಾಯಿತು. ಅವತ್ತು ಅಳಿಸಿ ಎಂದದ್ದು ಸಿಟ್ಟಿಗೆ. ನೀವೆಲ್ಲ ನನ್ನ ದನಿ ಹುಡುಕುತ್ತಿದ್ದ ರೀತಿ ಸತ್ತವಳ ಫೋಟೋ ಹುಡುಕುವ ಹಾಗಿತ್ತು. ನಾನು ಇದ್ದೇನೆ ಕಣೇ. ನೀನು ಬಂದರಿನಿಂದ ಫೋನ್ ಮಾಡಿದಾಗಲೆಲ್ಲ ಅಪ್ಪನ ಪಕ್ಕದಲ್ಲೇ ಕೂತಿರುತ್ತೇನೆ, ಈಗ ಕೊಡುತ್ತಾರೆ, ಈಗ ಕೊಡುತ್ತಾರೆ ಎಂದು. ನೀನು "ಅಮ್ಮಂಗೆ ಹೇಳಿ" ಎಂದು ಇಟ್ಟುಬಿಡುತ್ತೀಯ. ನನಗೆ ಹೋಗಿರುವುದು ದನಿ, ಕಿವಿಯಲ್ಲ. ಮುಂದಿನ ಸಲ ಫೋನು ನನ್ನ ಕೈಗೆ ಕೊಡಿಸು. ಎಂಜಿನ್ನು, ಎಣ್ಣೆ, ಬೆವರುಸಾಲೆ, ಏನಾದರೂ ಸರಿ, ನೀನು ಮಾತಾಡು. ನಾನು ಸ್ಲೇಟು ತಟ್ಟುತ್ತಿರುತ್ತೇನೆ, ಕೇಳುತ್ತಿದ್ದಾಳೆ ಎಂದು ತಿಳಿದುಕೋ. ಅಳು ಬಂದರೆ ಅತ್ತುಬಿಡು, ಇಟ್ಟುಬಿಡಬೇಡ.